ನರ್ಸಮ್ಮನ ಕಾರು

ಎಪ್ಪತ್ತರ ದಶಕದಲ್ಲಿ ನಂಜನಗೂಡಿನ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ನರ್ಸಮ್ಮ ಇದ್ದರು. ತಮ್ಮ ಹಳೇ ಕಾರಿನ ತುಕ್ಕನ್ನು ಅಂಗಳದಲ್ಲಿ ಕೂತು ತಾವೇ ಕೆರೆಯುತ್ತಿದ್ದರು. ತೂತು ಬಿದ್ದಲ್ಲಿಗೆ ಹಾಲುಪುಡಿ ಡಬ್ಬದ ತಗಡು ಬಡಿದು ಬಣ್ಣ ಬಳಿಯುತ್ತಿದ್ದರು. "ಗಾಯ ಇದ್ದಂಗೆ ಕಣಮ್ಮಾ, ಕೊಳೆತದ್ದನ್ನ ಮೊದಲು ತೆಗೀಬೇಕು" ಅನ್ನುವುದು ಅವರ ಮಾತು.

ಎದುರಿನ ಗ್ಯಾರೇಜಿನ ಮೇಸ್ತ್ರಿ ನಗುತ್ತಿದ್ದ. "ಗುಜರಿಗೆ ಆಕಿ ನರ್ಸಮ್ಮಾ, ಅದ್ರಲ್ಲಿ ಇನ್ನೇನೈತೆ?"

ಒಂದು ಮಧ್ಯಾಹ್ನ ಅವನ ಹೆಂಡತಿಗೆ ಹೆರಿಗೆ ನೋವು ಬಂತು. ಗ್ಯಾರೇಜಿನಲ್ಲಿ ನಾಲ್ಕು ಕಾರುಗಳಿದ್ದವು, ಒಂದೂ ಓಡುವಂತಿರಲಿಲ್ಲ. ನರ್ಸಮ್ಮ ತಮ್ಮ ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ನಾನು ಅವಳನ್ನು ಹಿಡಿದು ಕೂತಿದ್ದೆ. ಮುಂದೆ ಕೂತ ಮೇಸ್ತ್ರಿ, ಅಡಿಯ ತಗಡು ಕಳಚೀತೆಂದು ಎರಡೂ ಕಾಲು ಸೀಟಿನ ಮೇಲೆ ಎತ್ತಿಟ್ಟುಕೊಂಡು ಮುಲುಗುತ್ತಿದ್ದ.

ಆಸ್ಪತ್ರೆ ಸೇರಿದೆವು, ಮಗು ಸುಖವಾಗಿ ಹುಟ್ಟಿತು. ಆದರೆ ನನಗೆ ನೆನಪಿರುವುದು ದಾರಿಯಲ್ಲಿ ನರ್ಸಮ್ಮ ಅವನತ್ತ ತಿರುಗದೆಯೇ ಹೇಳಿದ ಮಾತು: "ಕಾಲು ಇಳಿಬಿಡಪ್ಪಾ. ಹೆರಿಗೆ ಆಗ್ತಿರೋದು ಅವಳಿಗೆ."