ಮುಟ್ಟದೆ ಬಿಟ್ಟ ಊರಿನ ಮುಂದೆ

ನಾನು ಸಿಂದಗಿಯ ಹೈಸ್ಕೂಲಿನಲ್ಲಿ ಇತಿಹಾಸ ಹೇಳುವವಳು. ಜನರಲ್‌ಗಳ ಬಗ್ಗೆ ಮಾತು ತೆಗೆದರೆ ನನಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಒಲೆಯ ಮೇಲೆ ಸಾರು ಉಕ್ಕಿದರೂ ಇವಳು ಸೈನ್ಯ ನಡೆಸುತ್ತಿರುತ್ತಾಳೆ ಎಂದು ಮನೆಯವರು ಚೇಷ್ಟೆ ಮಾಡುತ್ತಾರೆ. ಮಾಡಲಿ, ಸುಳ್ಳೇನಲ್ಲ.

ಅಪ್ಪ ಎಪ್ಪತ್ತೊಂದರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದವರು. ಈಗ ಇಂಡಿಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಅವರ ತುಕಡಿಯಲ್ಲೇ ಇದ್ದ ಜೀವದ ಗೆಳೆಯ, ಹೂವಿನ ಹಿಪ್ಪರಗಿಯವರು, ಆ ಯುದ್ಧದಲ್ಲಿ ತೀರಿಹೋದರು. ಅವರ ಹೆಂಡತಿಯನ್ನು ನಾವು ಹಿಪ್ಪರಗಿ ಕಾಕಿ ಎನ್ನುತ್ತೇವೆ. ಪ್ರತಿವರ್ಷ ಎಳ್ಳ ಅಮಾವಾಸ್ಯೆಗೆ ಕಾಕಿಯ ಹೊಲದಲ್ಲಿ ಚರಗ ಚೆಲ್ಲುವುದು ಅಪ್ಪನ ಪಾಲಿನ ಕೆಲಸ. ಬೆಳೆದು ನಿಂತ ಜೋಳದ ನಡುವೆ ಭೂಮಿತಾಯಿಗೆ ಉಣಿಸುವ ಶಾಸ್ತ್ರವದು. ಮುಂದಿನವರು ಅಡುಗೆ ಚೆಲ್ಲುತ್ತ ಹೋಗಬೇಕು, ಹಿಂದಿನವರು ನೀರು ಚಿಮುಕಿಸುತ್ತ ಬರಬೇಕು. ಗೆಳೆಯ ಇದ್ದಿದ್ದರೆ ತಾವೇ ಚೆಲ್ಲುತ್ತಿದ್ದರು. ಮಗ ದೊಡ್ಡವನಾಗಿ ಹೊಲ ಹಿಡಿದ ಮೇಲೂ ಕಾಕಿ ಆ ಕೆಲಸವನ್ನು ಅಪ್ಪನಿಂದ ಬಿಡಿಸಲಿಲ್ಲ.

ಹೋದ ಚಳಿಗಾಲ ಅಪ್ಪ ನನ್ನ ಮನೆಗೆ ಬಂದಿದ್ದರು. ಮರುದಿನದ ಪಾಠಕ್ಕೆಂದು ನಾನು ಆ ಯುದ್ಧದ ನಕಾಶೆ ಹಾಸಿಕೊಂಡು ಕೂತಿದ್ದೆ. ಎದುರಾಳಿಗಳ ಜನರಲ್ ಗಡಿಯ ಊರುಗಳನ್ನೇ ಕೋಟೆ ಮಾಡಿಕೊಂಡು ಅಲ್ಲಲ್ಲೇ ಗಟ್ಟಿಯಾಗಿ ಕೂರಲು ಹೇಳಿದ್ದ. ನಮ್ಮ ಹಿರಿಯ ಸೇನಾಧಿಕಾರಿಗಳು ಅಂಥ ಎಷ್ಟೋ ಊರುಗಳನ್ನು ಮುಟ್ಟದೆ, ಪಕ್ಕದ ದಾರಿ ಹಿಡಿದು, ಹೊಳೆ ದಾಟಿ ಢಾಕಾದತ್ತ ನಡೆದರು. ಎರಡು ವಾರ ತುಂಬುವ ಮೊದಲೇ ಯುದ್ಧ ಮುಗಿಯಿತು. ಆದರೆ ಕೋಟೆಯೊಳಗಿನವರು ಹೊರಬಂದು ಬೆನ್ನಿಗೆ ಬೀಳಬಾರದಲ್ಲ? ಅದಕ್ಕೆ ಅಂಥ ಊರಿನ ಬಾಗಿಲಲ್ಲಿ ನಮ್ಮವರು ಒಂದಿಷ್ಟು ಮಂದಿ ಕೂತು ಗುಂಡು ಹಾರಿಸುತ್ತಲೇ ಇರಬೇಕಿತ್ತು.

ಇದನ್ನೆಲ್ಲ ನಾನು ಜೋರಾಗಿ ಹೇಳಿಕೊಳ್ಳುತ್ತಿದ್ದಾಗ ಅಪ್ಪ ಬಂದು ಒಂದು ಊರಿನ ಮೇಲೆ ಬೆರಳಿಟ್ಟರು.

"ಇಲ್ಲಿ ಕುಂತಿದ್ವಿ ನಾವು," ಎಂದರು. "ಅಂವ ಜೀವಾ ಬಿಟ್ಟಿದ್ದೂ ಇಲ್ಲೇ."

ನಾನು ದಂಗಾದೆ. ಗೆಳೆಯ ಮುಂದಿನ ಪಡೆಯೊಂದಿಗೆ ಢಾಕಾದ ದಾರಿಯಲ್ಲಿ ಹೋಗಿ ಅಲ್ಲಿ ತೀರಿಕೊಂಡರು, ತಾವು ಹಿಂದೆ ಉಳಿದಿದ್ದೆವು ಎಂದೇ ಅಪ್ಪ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದರು. ಕೇಳಿದಾಗ ಒಂದೊಂದೇ ಮಾತು ಹೊರಬಿತ್ತು. ಯುದ್ಧ ಮುಗಿದ ಮೇಲೆ ಗೆಳೆಯನ ಟ್ರಂಕು ಹೊತ್ತು ಹಿಪ್ಪರಗಿಗೆ ಹೋದಾಗ ಇಡೀ ಊರು ಅಂಗಳದಲ್ಲಿ ನೆರೆದಿತ್ತಂತೆ. ನಮ್ಮ ಹುಡುಗ ಎಲ್ಲಿಯವರೆಗೆ ಹೋಗಿದ್ದ ಎಂದು ಹಿರಿಯರು ಕೇಳಿದರಂತೆ. ಯಾರಿಗೂ ಬೇಡವಾದ ಊರಿನ ಮುಂದೆ ಗುಂಡಿ ತೋಡಿ ಕೂತಿದ್ದೆವು, ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ ಎಂದು ಹೇಳಲು ಅಪ್ಪನಿಗೆ ನಾಲಿಗೆ ಏಳಲಿಲ್ಲ. ಗೆಳೆಯನನ್ನು ಬಾಯಿಮಾತಿನಲ್ಲೇ ಢಾಕಾಕ್ಕೆ ಕಳಿಸಿಬಿಟ್ಟರು. ಆಮೇಲೆ ಅದನ್ನು ಹಿಂದಕ್ಕೆ ತರಲಾಗಲಿಲ್ಲ.

ತಮಗೂ ವಯಸ್ಸಾಯಿತು, ಈ ಸಲ ಕಾಕಿಗೆ ನಿಜ ಹೇಳಬೇಕು, ಆಕೆ ಹೊಸ್ತಿಲು ತುಳಿಯಬೇಡ ಅಂದರೂ ಸರಿ ಎಂದರು ಅಪ್ಪ. ನನಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಮರುಕ ಹುಟ್ಟಿತು. ನೀವು ಸುಮ್ಮನೆ ಕೂತಿರಲಿಲ್ಲ, ನೀವು ಅಲ್ಲಿ ಕೂತದ್ದಕ್ಕೇ ಉಳಿದವರು ಢಾಕಾ ಮುಟ್ಟಿದ್ದು, ಕಾಕಿಗೆ ನಾನು ತಿಳಿಸಿ ಹೇಳುತ್ತೇನೆ ಎಂದು ಧೈರ್ಯ ಕೊಟ್ಟೆ.

ಎಳ್ಳ ಅಮಾವಾಸ್ಯೆಯ ದಿನ ಇಬ್ಬರೂ ಹಿಪ್ಪರಗಿಗೆ ಹೋದೆವು. ಚರಗ ಚೆಲ್ಲಿದ್ದಾಯಿತು. ಬನ್ನಿಗಿಡದ ಕೆಳಗೆ ಎಲ್ಲರೂ ಉಣ್ಣಲು ಕೂತಾಗ ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ವಿಷಯ ತೆಗೆದರು. ನೆಲ ನೋಡುತ್ತಲೇ ಎಲ್ಲ ಹೇಳಿದರು. ಕಾಕಿಯ ಮಗ ಉಣ್ಣುವುದನ್ನು ನಿಲ್ಲಿಸಿದ.

ನಾನು ತಡೆದುಕೊಳ್ಳುವವಳೇ? ಸಜ್ಜಿ ಕಡುಬುಗಳನ್ನು ಊರುಗಳ ಹಾಗೆ ತಾಟಿನಲ್ಲಿ ಇಟ್ಟು, ನಡುವೆ ಬೆರಳಾಡಿಸಿ, ಜನರಲ್‌ಗಳ ಲೆಕ್ಕಾಚಾರವನ್ನೆಲ್ಲ ಒಪ್ಪಿಸಿದೆ. ಆ ತೀರ್ಮಾನ ಎಷ್ಟು ಜೀವ ಉಳಿಸಿತು, ಬಾಗಿಲು ಕಾಯುವವರಿಲ್ಲದಿದ್ದರೆ ಏನಾಗುತ್ತಿತ್ತು ಎಂದು ಹೇಳಿದೆ. ಇವತ್ತಿಗೂ ಅದು ಸರಿಯಾದ ತೀರ್ಮಾನ ಎಂದೇ ನಾನು ಹೇಳುತ್ತೇನೆ. ಕಾಕಿಯ ಮಗ ತಲೆದೂಗಿದ. ಕಾಕಿ ಮಾತ್ರ ನನ್ನ ತಾಟಿನ ಕಡೆ ನೋಡಲೇ ಇಲ್ಲ. ಅವರ ಕಣ್ಣು ಅಪ್ಪನ ಮೇಲೇ ಇತ್ತು.

"ಹಂಗಾರ ಆ ಹೊತ್ತಿನ್ಯಾಗ ನೀವು ಅವರ ಸಂಗಾಟ ಇದ್ರೇನ್ರಿ?" ಎಂದು ಕೇಳಿದರು.

"ಇದ್ದೆ ವೈನಿ. ತಲಿ ನನ್ನ ತೊಡಿ ಮ್ಯಾಲ ಇತ್ತು. ನೀರು ಕೇಳಿದ, ಕುಡಿಸಿದೆ. ಊರಾಗ ಜ್ವಾಳ ತೆನಿ ಹಿಡಿದಿರಬೇಕು ಅಲ್ಲೇನೋ ಅಂದ. ಹಿಡಿದೈತಿ ಅಂದೆ."

ಕಾಕಿ ಮೆಲ್ಲಗೆ ಹೇಳಿದರು.

"ನೀವು ಹಿಂದ ಉಳಿದ್ರಿ ಅಂದಿದ್ರಿ. ನಮ್ಮ ಮಾತು ಬರೋರು ಒಬ್ಬರೂ ಇಲ್ಲದ ಜಾಗಾದಾಗ, ಅವರು ಒಬ್ಬರೇ ಹೋದ್ರು ಅಂತ ಇಷ್ಟು ವರ್ಷ ಅತ್ತೀನ್ರಿ ನಾನು."

ಅಪ್ಪ ತಾಟು ಸರಿಸಿ, ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಗೆಳೆಯನಿಗೆ ದೊಡ್ಡ ಸಾವು ಕೊಡಲು ಹೋಗಿ ಈ ತಾಯಿಯಿಂದ ಏನು ಕಸಿದುಕೊಂಡಿದ್ದರು ಎಂದು ಅವರಿಗೂ ನನಗೂ ಆಗಲೇ ತಿಳಿದದ್ದು. ನನಗೆ ನನ್ನ ಕಡುಬಿನ ಊರುಗಳ ಬಗ್ಗೆ ನಾಚಿಕೆಯಾಯಿತು.

ಕಾಕಿ ಅಳಲಿಲ್ಲ. ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಅಪ್ಪನ ಎದುರಿಗೆ ಸರಿದು ಕೂತರು.

"ಮತ್ತೇನೇನಂದ್ರು, ಎಲ್ಲಾ ಹೇಳ್ರಿ," ಎಂದರು. "ಒಂದೂ ಬಿಡಬ್ಯಾಡ್ರಿ."