ಚುರಮುರಿ ಭಟ್ಟಿಯಲ್ಲಿ ಹುರಿದ ಸೋಯಾ

ನನ್ನ ಹಂದಿಗಳನ್ನು ನೋಡಿ ನಕ್ಕವರು ಬಹಳ ಮಂದಿ. ಅವರೆಲ್ಲ ಆಮೇಲೆ ಅದೇ ಹಂದಿಗಳನ್ನು ತೋರಿಸಲು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಗೆದ್ದ ಕಥೆಯನ್ನು ತಲೆ ತಗ್ಗಿಸಿಕೊಂಡು ಹೇಳುವುದು ನನ್ನಿಂದಾಗದು.

ನಮ್ಮೂರು ಏಕಸಂಬಿಯಿಂದ ತುಸು ದೂರ. ಸುತ್ತ ಕಬ್ಬು, ನಡುನಡುವೆ ಸೋಯಾ, ಮನೆಮನೆಯ ಹಿತ್ತಲಲ್ಲೂ ಎಮ್ಮೆ. ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮೇಲೆ ದುಡಿಯುತ್ತಿದ್ದರು. ಹೊಲ ನೋಡಿಕೊಳ್ಳುತ್ತಿದ್ದವರು ಅವರ ಅಣ್ಣ, ಅಂದರೆ ನನ್ನ ಭಾವ. ಮನೆ, ಎಮ್ಮೆ, ಮಾತು ಈ ಮೂರೂ ಅತ್ತೆಯ ಕೈಯಲ್ಲಿದ್ದವು. ನನ್ನ ಕೈಯಲ್ಲಿದ್ದದ್ದು ಒಲೆ ಊದುವ ಕೊಳವೆ ಮಾತ್ರ. ನನ್ನದು ಅನ್ನುವಂಥದ್ದು ಒಂದಾದರೂ ಬೇಕು ಎಂದು ಒಳಗೊಳಗೇ ಕುದಿಯುತ್ತಿದ್ದೆ. ಊರಿನ ಎಲ್ಲರ ಕೈಗೂ ಮೊಬೈಲು ಬರತೊಡಗಿದ್ದ ವರ್ಷಗಳವು. ನನಗೆ ಮೊಬೈಲಿನ ಮೇಲೆ ಆಸೆ ಹುಟ್ಟಲಿಲ್ಲ, ಹಂದಿಯ ಮೇಲೆ ಹುಟ್ಟಿತು.

ನನ್ನ ತವರು ಅಥಣಿ ಕಡೆ. ಅಲ್ಲೊಬ್ಬ ದೊಡ್ಡ ರೈತರು ಬಿಳಿ ಹಂದಿ ಸಾಕಿದ್ದರು. ಬೀದಿ ತಿರುಗುವ ಹಂದಿಗಳಲ್ಲ. ಸಿಮೆಂಟಿನ ನೆಲದ ಮೇಲೆ, ನಲ್ಲಿ ನೀರು ಕುಡಿದು, ಗುಂಡಗೆ ಮಲಗಿದ ಹಂದಿಗಳು. ಒಮ್ಮೆ ನೋಡಿದವಳು ಮನಸೋತೆ. ಬೇಸಿಗೆಯಲ್ಲಿ ಒಂದೇ ತಾಯಿಯ ಮರಿಗಳಲ್ಲಿ ಅರ್ಧ ಅಲ್ಲೇ ಉಳಿದವು, ಅರ್ಧ ನನ್ನ ಜೊತೆ ಟೆಂಪೋ ಹತ್ತಿದವು.

ಮನೆಯ ಹಿಂದೆ ತಗಡಿನ ಶೆಡ್ಡು ಖಾಲಿ ಇತ್ತು. ಮರಿಗಳನ್ನು ಅಲ್ಲಿ ಇಳಿಸಿದೆ. ಆದರೆ ಭಾವ ಆಗಷ್ಟೇ ಟ್ರ್ಯಾಕ್ಟರ್ ತಂದಿದ್ದರು, ಅವರಿಗೂ ಅದೇ ಶೆಡ್ಡಿನ ಮೇಲೆ ಕಣ್ಣು. ನಮ್ಮ ಮನೆಯಲ್ಲಿ ಭಾವನಾದವರು ತಮ್ಮನ ಹೆಂಡತಿಯೊಡನೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ನಾನು ಮಾರು ದೂರದಲ್ಲೇ ನಿಂತಿದ್ದರೂ ಅವರು ಅತ್ತೆಗೆ ಹೇಳಿದರು: “ಅವ್ವಾ, ಅಕಿಗೆ ಹೇಳು. ದೀಪಾವಳಿಗೆ ಹಂದಿ ಒಯ್ಯಾಕ ಗೋವಾದ ಗಾಡಿ ಬರತೈತಿ. ಇವು ಆ ಗಾಡಿ ಹತ್ತಿದ್ರ ಶೆಡ್ಡು ಅಕಿದು. ಹತ್ತಲಿಲ್ಲಂದ್ರ ನನ್ನ ಟ್ರ್ಯಾಕ್ಟರ್‌ದು.”

ನಾನೂ ಅತ್ತೆಗೇ ಹೇಳಿದೆ: “ಅತ್ತೀ, ಆಗಲಿ ಅಂತ ಹೇಳ್ರಿ.”

ಗೋವಾದ ವ್ಯಾಪಾರಿ ಸಣಕಲು ಹಂದಿಯನ್ನು ಮುಟ್ಟುವವನಲ್ಲ. ತಕ್ಕಡಿಗೆ ಏರಿಸಿ, ತಾನು ಕೇಳಿದ ತೂಕ ಇದ್ದರೆ ಮಾತ್ರ ಗಾಡಿಗೆ ಹತ್ತಿಸುತ್ತಿದ್ದ. ಅದು ಗೊತ್ತಿದ್ದೇ ಒಪ್ಪಿದ್ದೆ.

ಅತ್ತೆ ಮೊದಮೊದಲು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಆದರೆ ಹಸಿದ ಪ್ರಾಣಿಯ ಮುಂದೆ ಸುಮ್ಮನೆ ಕೂರುವ ಜೀವವಲ್ಲ ಅದು. ವಾರ ಕಳೆಯುವುದರೊಳಗೆ ಸೆರಗು ಮೂಗಿನಿಂದ ಸೊಂಟಕ್ಕೆ ಬಂತು, ಹಂದಿಗಳ ಬುಟ್ಟಿ ಅವರ ಕೈಗೆ ಹೋಯಿತು. ಅಥಣಿಯ ರೈತರು ಗೋವಿನಜೋಳ, ತೌಡು, ಸೋಯಾ, ಉಪ್ಪಿನ ಪುಡಿ ಹಾಕಿರಿ ಎಂದಿದ್ದರು. ಮನೆಯಲ್ಲಿ ಬಿತ್ತನೆಗೆ ಇಟ್ಟು ಮಿಕ್ಕ ಸೋಯಾ ಚೀಲಗಟ್ಟಲೆ ಇತ್ತು. ಅತ್ತೆ ಸಂಜೆ ಸೋಯಾ ಕಾಳು ನೆನೆಹಾಕಿ ಬೆಳಿಗ್ಗೆ ಉಬ್ಬಿದ ಕಾಳನ್ನು ಧಾರಾಳವಾಗಿ ಸುರಿಯುತ್ತಿದ್ದರು. ಎಮ್ಮೆಗೆ ಹತ್ತಿಕಾಳು ನೆನೆಸಿ ಕೊಟ್ಟು ಹಂಡೆ ತುಂಬ ಹಾಲು ಕರೆದ ಕೈ ಅದು. ಆ ಕೈಯನ್ನು ಸಂಶಯಿಸಲು ನನಗೆ ಹುಚ್ಚೇ?

ಹಂದಿಗಳು ಬೆಳೆಯಲಿಲ್ಲ. ತಿನ್ನುತ್ತಿದ್ದವು, ಹೇಲುತ್ತಿದ್ದವು, ಅಷ್ಟೇ. ಹೊಟ್ಟೆ ಮುಂದೆ ಬಂತು, ಬೆನ್ನುಮೂಳೆ ಎದ್ದು ಕಂಡಿತು, ಮೈಮೇಲಿನ ಕೂದಲು ಒರಟಾಯಿತು. ಎಲ್ಲಕ್ಕಿಂತ ಚಿಕ್ಕದಂತೂ ಗೋಡೆಗೆ ಒರಗಿ ನಿಲ್ಲುತ್ತಿತ್ತು. ಓಣಿಯವರು ಬಂದು ಬಗೆಬಗೆಯ ಬುದ್ಧಿ ಹೇಳಿದರು. ಒಬ್ಬರು ಬೆಲ್ಲ ಕಾಯಿಸುವಾಗ ತೆಗೆಯುವ ಕೊಳೆ ಹಾಕು ಅಂದರು, ಇನ್ನೊಬ್ಬರು ದೃಷ್ಟಿಯಾಗಿದೆ ಅಂದರು. ದೃಷ್ಟಿ ತಾಗುವಂಥ ಚೆಲುವಾದರೂ ಅವುಗಳಲ್ಲಿ ಎಲ್ಲಿತ್ತು! ಭಾವ ದಿನಾ ಟ್ರ್ಯಾಕ್ಟರ್ ತಂದು ಶೆಡ್ಡಿನ ಬಾಗಿಲಿಗೆ ಮೂತಿ ಮಾಡಿ ನಿಲ್ಲಿಸುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಕಾರಹುಣ್ಣಿಮೆಗೆ ತವರಿಗೆ ಹೋದವಳು ಅದೇ ರೈತರ ಮನೆಗೆ ಹೋದೆ. ನನ್ನ ಮರಿಗಳ ಒಡಹುಟ್ಟುಗಳು ಅಲ್ಲಿದ್ದವು. ಒಂದೇ ಹಾಲು ಕುಡಿದವು. ಅವು ನನ್ನವುಗಳಿಗಿಂತ ಇಮ್ಮಡಿಯಾಗಿದ್ದವು, ಮೈ ನುಣ್ಣಗೆ ಹೊಳೆಯುತ್ತಿತ್ತು. ಏನು ಹಾಕುತ್ತೀರಿ ಎಂದರೆ ಅದೇ ಜೋಳ, ಅದೇ ತೌಡು, ಅದೇ ಸೋಯಾ ಅಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅಳು ತಡೆದುಕೊಂಡೆ. ಹಂದಿಗಾಗಿ ಅತ್ತಳು ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ಮರುದಿನ ಪಶು ಡಾಕ್ಟರರನ್ನು ಕರೆಸಿ, ಅಥಣಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅವರು ಹಂದಿಯ ಹೇಲು ನೋಡಿ ಜಂತು ತುಂಬಿವೆ ಎಂದರು, ಔಷಧಿ ಕೊಟ್ಟರು. ನೆಲದ ಹಸಿಯನ್ನೂ ಮೂಗಿನಿಂದಲೇ ಪರೀಕ್ಷಿಸಿ, ನೀರು ನಿಲ್ಲದಂತೆ ಇಳಿಜಾರು ಮಾಡಿಸಲು ಹೇಳಿದರು. ಬಳಿಕ ತಿನ್ನುವುದೇನು ತೋರಿಸಿ ಎಂದರು. ಅತ್ತೆ ಹೆಮ್ಮೆಯಿಂದ ನೆನೆಸಿದ ಸೋಯಾದ ಬಕೆಟ್ ತಂದಿಟ್ಟರು.

“ಇದನ್ನ ಹಸೇದ ಹಾಕಾಕತ್ತೀರೇನ್ರಿ ಅಮ್ಮಾರ?”

“ಹೌದ್ರಿ. ಎಮ್ಮಿಗೆ ಹತ್ತಿಕಾಳ ನೆನಸಿದಂಗ ನೆನಸ್ತೀನಿ. ಕಡಿಮಿ ಏನ್ ಮಾಡಿಲ್ರಿ, ಹೊಟ್ಟಿ ತುಂಬ ಹಾಕೀನಿ.”

ಡಾಕ್ಟರು ನಗಲಿಲ್ಲ. ಅದಕ್ಕೇ ಅವರ ಮೇಲೆ ನನಗೆ ಇಂದಿಗೂ ಗೌರವ. “ಎಮ್ಮಿ ಹೊಟ್ಟಿ ಬ್ಯಾರೆ ಐತ್ರಿ. ಅದು ತಿಂದದ್ದನ್ನ ಒಳಗ ಕೊಳಸಿ, ಮತ್ತ ಮೆಲಕ ಹಾಕಿ ಅರಗಿಸ್ತೈತಿ. ಹಂದಿ ಹೊಟ್ಟಿ ನಮ್ಮ ನಿಮ್ಮ ಹೊಟ್ಟಿ ಇದ್ದಂಗ. ಹಸೀ ಸೋಯಾದಾಗ ಒಂದು ನಂಜು ಐತಿ, ಅದು ಕಾಳಿನ ಸತ್ವ ಮೈಗೆ ಹತ್ತಗೊಡೂದಿಲ್ಲ. ಬೆಂಕಿ ತಾಕಿದ್ರ ನಂಜು ಹೋಗತೈತಿ. ಅಥಣಿಯವರು ಹಾಕೂದು ಸೋಯಾ ಹಿಂಡಿ. ಎಣ್ಣಿ ತೆಗಿಯೂ ಗಿರಣ್ಯಾಗ ಅದು ಕಾದು ಬಂದಿರತೈತಿ.”

ಅತ್ತೆ ಬಕೆಟ್ಟಿನತ್ತ ನೋಡುತ್ತ ಕುಳಿತರು. ಪ್ರೀತಿಯಿಂದಲೇ ಉಣಿಸಿದ್ದರು, ಪಾಪ. ನಾನು ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಎದ್ದರು.

“ನಾವರ ಹಸೀ ಸೋಯಾ ತಿಂತೀವೇನ ಬೇ? ನನಗ ಹೊಳೀಬೇಕಿತ್ತು. ಚೀಲ ಎತ್ತು, ನಡಿ.”

ಎಲ್ಲಿಗೆ ಎಂದರೆ ಚುರಮುರಿ ಭಟ್ಟಿಗೆ, ಮಂಡಕ್ಕಿ ಹುರಿಯುವಲ್ಲಿಗೆ. ಅಷ್ಟೊಂದು ಕಾಳು ಮನೆಯ ಒಲೆಯ ಮೇಲೆ ಹುರಿದು ಮುಗಿಯುವಂಥದ್ದಲ್ಲ. ಭಟ್ಟಿಯಲ್ಲಾದರೆ ದೊಡ್ಡ ಬಾಣಲೆಯಲ್ಲಿ ಉಸುಕು ಕೆಂಪಗೆ ಕಾದಿರುತ್ತದೆ, ಅಕ್ಕಿ ಹಾಕಿದರೆ ಹೂವಾಗಿ ಏಳುತ್ತದೆ. ಭಟ್ಟಿಯವನು ಚೀಲ ನೋಡಿ ಖುಷಿಪಟ್ಟ, ಹಂದಿಗೆ ಎಂದು ಕೇಳಿದೊಡನೆ ಮುಖ ಹುಳಿ ಮಾಡಿದ.

“ಹಂದೀ ಕಾಳು ನನ್ನ ಉಸುಕಿನ್ಯಾಗ ಬ್ಯಾಡ್ರಿ. ನಾಳೆ ಮಂದಿ ನನ್ನ ಚುರಮುರಿ ತಿನ್ನೂದಿಲ್ಲ.”

ಅತ್ತೆ ಚೀಲದ ಮೇಲೆ ಕುಳಿತುಬಿಟ್ಟರು. “ಇದು ನಮ್ಮ ಹೊಲದ ಕಾಳಪ್ಪಾ. ಹಂದಿ ಇನ್ನೂ ಮೂಸಿಲ್ಲ. ನಿನ್ನ ಉಸುಕಿನ್ಯಾಗಿಂದ ಹೊರಗ ಬಂದ ಮ್ಯಾಲ ಯಾರ್ ತಿಂದ್ರ ನಿನಗೇನ? ನಿನ್ನ ಚುರಮುರಿ ಎಲ್ಲಾ ಆಗಲಿ, ಕಡೀಕ ನಮ್ಮದು ಹಾಕು. ಅಲ್ಲೀತನಕ ನಾ ಇಲ್ಲಿಂದ ಏಳಾಂಗಿಲ್ಲ.”

ನಮ್ಮತ್ತೆ ಏಳುವುದಿಲ್ಲ ಎಂದರೆ ಏಳುವುದಿಲ್ಲ. ಅದು ನನಗೆ ಗೊತ್ತಿತ್ತು, ಅವನಿಗೆ ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಕೊನೆಯ ಕಾವಿನಲ್ಲಿ ಸೋಯಾ ಹಾಕಿದ. ಕಾಳು ಚಟಪಟ ಸಿಡಿದು, ಹೊಂಬಣ್ಣಕ್ಕೆ ತಿರುಗಿ, ಘಮ್ಮೆಂದು ವಾಸನೆ ಎದ್ದಿತು. ಜರಡಿಗೆ ಸುರಿಯುವಾಗ ತಾನೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡ, ಮತ್ತೆ ನಾಲ್ಕು ಹಾಕಿಕೊಂಡ. “ಇದನ್ನ ಹಂದಿಗೆ ಹಾಕ್ತೀರೇನ್ರಿ?” ಅಂದ. ಬರುವಾಗ ಒಂದು ಬೊಗಸೆ ಅವನಿಗೇ ಕೊಟ್ಟು ಬಂದೆವು.

ಅತ್ತೆ ಹುರಿದ ಕಾಳನ್ನು ಬೀಸುಕಲ್ಲಿನಲ್ಲಿ ಒಡೆಯುತ್ತಿದ್ದರು, ನಾನು ಜೋಳದ ನುಚ್ಚು, ತೌಡು, ಉಪ್ಪಿನ ಪುಡಿ ಕಲಸುತ್ತಿದ್ದೆ. ನಮ್ಮ ಮನೆಯವರು ಪಾಳಿ ಮುಗಿಸಿ ಬಂದು ನೆಲಕ್ಕೆ ಇಳಿಜಾರು ಹಾಕಿಕೊಟ್ಟರು. ಮಳೆಗಾಲವಿಡೀ ಮುಂಜಾನೆ ನೆಲ ತೊಳೆದು ಒಣಗಿಸಿದೆವು, ಜಂತಿನ ಔಷಧಿ ಮತ್ತೆ ಕುಡಿಸಿದೆವು. ಮೊದಲು ಕೂದಲಿಗೆ ಹೊಳಪು ಬಂತು. ಆಮೇಲೆ ಬೆನ್ನು ತುಂಬಿತು. ನಾಗರಪಂಚಮಿಯ ಹೊತ್ತಿಗೆ ಬಾಗಿಲು ತೆಗೆದರೆ ನನ್ನನ್ನೇ ನೂಕಿ ಕೆಡವುವಷ್ಟು ಬಲ ಬಂದಿತ್ತು. ಕೆಸರಿನಲ್ಲಿ ಬಿದ್ದು ನಾನು ನಕ್ಕಷ್ಟು ಮದುವೆಯ ದಿನವೂ ನಕ್ಕಿರಲಿಲ್ಲ. ಗೋಡೆಗೆ ಒರಗುತ್ತಿದ್ದ ಚಿಕ್ಕದಂತೂ ಎಲ್ಲರನ್ನೂ ಸರಿಸಿ ಮೊದಲು ಬುಟ್ಟಿಗೆ ಮೂತಿ ಹಾಕುತ್ತಿತ್ತು.

ಓಣಿಯವರು ಬರಲು ಶುರುಮಾಡಿದ್ದು ಆಗಲೇ. ಅತ್ತೆ ಅವರಿಗೆಲ್ಲ ಹಂದಿಯ ಹೊಟ್ಟೆ, ಎಮ್ಮೆಯ ಹೊಟ್ಟೆಯ ಪಾಠ ಮಾಡುತ್ತಿದ್ದರು. ಡಾಕ್ಟರು ಹೇಳಿದ್ದಕ್ಕೆ ಮೂರು ಪಾಲು ತಮ್ಮದೇ ಸೇರಿಸುತ್ತಿದ್ದರು, ನಾನು ತಿದ್ದುವ ಗೋಜಿಗೆ ಹೋಗಲಿಲ್ಲ.

ದೀಪಾವಳಿಗೆ ಮೊದಲು ಗೋವಾದ ಗಾಡಿ ಬಂತು. ಬೆಲ್ಲದ ಪೆಂಟಿಗಳನ್ನು, ಅಂದರೆ ದೊಡ್ಡ ಅಚ್ಚುಗಳನ್ನು, ತೂಗುವ ದೊಡ್ಡ ತಕ್ಕಡಿಯನ್ನು ಕಬ್ಬಿನ ಗಾಣದಿಂದ ತರಿಸಿದೆವು. ತಂದುಕೊಟ್ಟದ್ದು ಯಾರ ಟ್ರ್ಯಾಕ್ಟರ್ ಅಂತೀರಿ? ಭಾವನದೇ. ತಾವೇ ಇಳಿಸಿ, ಕೈಕಟ್ಟಿ ಪಕ್ಕಕ್ಕೆ ನಿಂತರು. ಒಂದೊಂದೇ ಹಂದಿ ಏರಿತು, ವ್ಯಾಪಾರಿ ಒಂದೊಂದಕ್ಕೂ ತಲೆಯಾಡಿಸಿದ. ಕೊನೆಗೆ ಉಳಿದದ್ದು ಆ ಚಿಕ್ಕದು. ಅದು ಏರಿದಾಗ ಅತ್ತೆ ನನ್ನ ಮುಂಗೈ ಹಿಡಿದುಕೊಂಡರು, ಬಳೆ ಒತ್ತಿ ನೋವಾಯಿತು. ತಕ್ಕಡಿಯ ದಂಡ ತುಸು ಹೊಯ್ದಾಡಿ, ಬೇಕಾದ ತೂಕಕ್ಕೆ ವ್ಯಾಪಾರಿ ಬೊಟ್ಟಿಟ್ಟು ನಿಂತಲ್ಲಿಗೆ ಬಂದು, ಅದನ್ನೂ ದಾಟಿ ನಿಂತಿತು.

“ಹತ್ತಸ್ರಿ ಇದನ್ನೂ” ಅಂದ ವ್ಯಾಪಾರಿ.

ಅತ್ತೆ ಸಿಳ್ಳೆ ಹೊಡೆದರು. ಸುಳ್ಳಲ್ಲ, ಎಮ್ಮೆಗೆ ನೀರು ಕುಡಿಸುವಾಗ ಹೊಡೆಯುವ ಸಿಳ್ಳೆ, ಊರಿಗೆಲ್ಲ ಕೇಳುವ ಹಾಗೆ. ನಾನು ಅತ್ತುಬಿಟ್ಟೆ. ಹಂದಿಗಾಗಿ ಅತ್ತಳು ಎಂದು ಯಾರು ಬೇಕಾದರೂ ಅಂದುಕೊಳ್ಳಲಿ ಎಂದು ಎಲ್ಲರೆದುರೇ ಕಣ್ಣೀರು ಸುರಿಸಿದೆ.

ಗಾಡಿ ಹೋಯಿತು. ಭಾವ ಟ್ರ್ಯಾಕ್ಟರ್ ಏರಿ, ಕೀಲಿ ಹಾಕಿ, ಶುರು ಮಾಡದೆ ಕುಳಿತರು. ಎದುರಿಗೆ ತೆರೆದ ಶೆಡ್ಡು ಖಾಲಿ ಬಿದ್ದಿತ್ತು. ಅತ್ತೆ ಪಕ್ಕದಲ್ಲೇ ಇದ್ದರು. ಭಾವ ಮಾತ್ರ ಅತ್ತೆಯ ಕಡೆ ನೋಡಲಿಲ್ಲ. ಆ ಮನೆಗೆ ಬಂದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಕೇಳಿದರು:

“ಇದನ್ನ ಎಲ್ಲಿ ನಿಲ್ಲಸ್ಲಿ ಯವ್ವಾ?”

“ಬೇವಿನ ಗಿಡದ ಬುಡಕ ನಿಲ್ಲಸ್ರಿ ಭಾವಾರ” ಅಂದೆ, “ನೆರಳ ಐತಿ.”