ಬೀಗದ ಫೋಟೊ

ಖಾತೆ ತೆರೆದರೆ ಮೇಲಿಂದ ಕೆಳಗಿನತನಕ ಒಂದೇ ಬೀಗದ ಫೋಟೊ. ದಿನಕ್ಕೊಂದು ಮೇಲ್, ಒಂದೂ ಓದಿಲ್ಲ. ಕಲಬುರಗಿಯ ನಮ್ಮ ಬೀಜದ ಕಂಪನಿಯ ಮೇಲ್ ಸರ್ವರ್ ನೋಡಿಕೊಳ್ಳುವವನು ನಾನು. ಜಾಗ ಮುಗಿಯುತ್ತಿದೆ ಎಂಬ ಎಚ್ಚರಿಕೆ ಮೂರು ದಿನ ಬಂದು, ಅಂದು ಬೆಳಿಗ್ಗೆ ಇಡೀ ಕಚೇರಿಗೆ ಮೇಲ್ ಬರುವುದೇ ನಿಂತಿತ್ತು. ಜಾಗ ತಿಂದಿದ್ದು ಆರು ವರ್ಷದ ಹಿಂದೆ ನಿವೃತ್ತರಾದ ಮ್ಯಾನೇಜರರ ಖಾತೆ. ಕಳಿಸುತ್ತಿದ್ದವರು ಕಮಲಾಪುರದ ಗೋದಾಮು ಕಾಯುವ ಶರಣಪ್ಪ. ಫೋನ್ ಮಾಡಿದೆ.

"ಬೀಗ ಹಾಕಿ ದಿನಾ ಫೋಟೊ ಕಳಸು, ನಾ ಸಾಕು ಅನ್ನೋತನಕ ಬಿಡಬ್ಯಾಡ ಅಂತ ಸಾಹೇಬ್ರು ಹೇಳ್ಯಾರ್ರಿ. ಇನ್ನಾ ಸಾಕು ಅಂದಿಲ್ರಿ."

ಅವರು ನಿವೃತ್ತರಾಗಿದ್ದಾರಲ್ಲ ಎಂದೆ.

"ಗೊತ್ತದರಿ. ಅವರ ಸೆಂಡಾಫಿಗೆ ಕೆಂಪು ಬಾಳೆಹಣ್ಣು ತಂದಾವ ನಾನೇ. ಹಂಗಾರ ಬೀಗ ಹಾಕೀನಿ ಅಂತ ಇನ್ನ ಯಾರಿಗಿ ಹೇಳ್ಲಿರಿ?"

ನನ್ನ ಮೇಲ್ ವಿಳಾಸ ಕೊಟ್ಟೆ.

ಹಳೆಯ ಫೋಟೊಗಳನ್ನು ಅಳಿಸಿದ ಮೇಲೆ ಸರ್ವರ್ ಸರಿಯಾಯಿತು. ಈಗ ಸಂಜೆ ಆರಕ್ಕೆ ಬೀಗ ನನಗೆ ಬರುತ್ತದೆ. ಫೋಟೊ ಸಣ್ಣದು ಮಾಡಿ ಕಳಿಸುವುದನ್ನು ಕಲಿಸಿದ್ದೇನೆ. ಮೊನ್ನೆ ಆರೂವರೆಯಾದರೂ ಬರಲಿಲ್ಲ. ನಾನು ಸರ್ವರ್ ನೋಡಲಿಲ್ಲ, ಸೀದಾ ಶರಣಪ್ಪನವರಿಗೆ ಫೋನ್ ಹಚ್ಚಿದೆ.